ಶರಣಜ್ಜರ ತೊಟ್ಟಿಲಲ್ಲಿ ನಮ್ಮ ತಂಗಿ

ಆಗಿನ್ನೂ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ. ಜಹೀರಾಬಾದಿನಲ್ಲಿ ನಮ್ಮ ಸಮಾಜದವರು ನಡೆಸುತ್ತಿದ್ದ ಶಾಲೆಗೆ ಆರು ಕೋಣೆ, ತಗಡಿನ ಮಾಡು, ಅಂಗಳದಲ್ಲೊಂದು ಬೇವಿನ ಮರ. ಪಾಠವೆಲ್ಲ ತೆಲುಗಿನಲ್ಲಿ, ಊಟದ ಬಿಡುವಾದ ಮೇಲೆ ಒಂದು ಪಿರಿಯಡ್ ಮಾತ್ರ ಕನ್ನಡ. ಇಡೀ ಶಾಲೆ ಕನ್ನಡ ಮಾತಾಡುತ್ತಿದ್ದ ದಿನ ವರ್ಷಕ್ಕೆ ಒಂದೇ, ಶರಣಜ್ಜರ ಜಯಂತಿ. ಶರಣಜ್ಜರು ಹಿಂದೆ ನಮ್ಮ ಸೀಮೆಯಲ್ಲಿ ಊರೂರು ತಿರುಗಿ, ಯಾರು ಕರೆದರೂ ಅವರ ಮನೆಯಲ್ಲಿ ಉಂಡವರು ಎಂದು ಹಿರಿಯರು ಹೇಳುತ್ತಿದ್ದರು. ನಮಗೆ ಜಯಂತಿ ಎಂದರೆ ಗೋಧಿ ಹುಗ್ಗಿ. ಸಂಕ್ರಾಂತಿ ಕಳೆದು ಹೊಸ ಬೆಲ್ಲ ಬರುವ ಕಾಲ. ಹುಗ್ಗಿ ಕುದಿಯುವ ವಾಸನೆಗೆ ಅವತ್ತು ಭಾಷಣ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಭಾಷಣದ ನಂತರ ತೊಟ್ಟಿಲು. ಶರಣಜ್ಜರನ್ನು ಆಗ ತಾನೇ ಹುಟ್ಟಿದ ಕೂಸು ಎಂದು ಭಾವಿಸಿ, ಅವರ ಫೋಟೋ ತೊಟ್ಟಿಲಲ್ಲಿಟ್ಟು ಹೆಂಗಸರು ಜೋಗುಳ ಹಾಡುತ್ತಿದ್ದರು. ಹಾಡು ಹೇಳುವವಳು ನಮ್ಮ ಆಯಿ, ಅಪ್ಪನ ತಾಯಿ. ಆಕೆಗೆ ಬರುವಷ್ಟು ತೊಟ್ಟಿಲ ಪದಗಳು ಸುತ್ತಮುತ್ತ ಯಾರಿಗೂ ಬರುತ್ತಿರಲಿಲ್ಲ. ಮೊಗುಡಂಪಲ್ಲಿಯಿಂದ, ಕಂಗ್ಟಿಯಿಂದ ಜನ ಆಟೋ ತಂದು ಕರೆದುಕೊಂಡು ಹೋಗುತ್ತಿದ್ದರು.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಶಾಂತಾ ಟೀಚರ್ ಬೀದರ್ ಕಡೆಯಿಂದ ಕನ್ನಡ ಕಲಿಸಲು ಬಂದಿದ್ದರು. ಹಿಂದಿನ ವರ್ಷ ತೂಗುವಾಗ ಫೋಟೋದ ಗಾಜು ಒಡೆದಿತ್ತು. ಈ ಸಲ ನಿಜವಾದ ಕೂಸನ್ನೇ ಹಾಕೋಣ, ಯಾರ ಮನೆಯಲ್ಲಿದೆ ಎಂದು ಕೇಳಿದರು. ಕೂಸು ತಂದವರಿಗೆ ತೊಟ್ಟಿಲು ತೂಗಲು ಬಿಡುವುದಾಗಿಯೂ ಹೇಳಿದರು. ನಾನು ಕೈ ಎತ್ತಿದೆ.

ಹೆಸರೇನು ಎಂದರು. ಇನ್ನೂ ಇಟ್ಟಿಲ್ಲ ಎಂದೆ.

ಇಟ್ಟಿರಲಿಲ್ಲ, ನಿಜ. ಕೂಸಿಗೆ ಎರಡು ತಿಂಗಳು ತುಂಬಿತ್ತು. ನಾವು ಮೂವರು ಹೆಣ್ಣುಮಕ್ಕಳಾದ ಮೇಲೆ ಇದು ನಾಲ್ಕನೆಯದು. ಗಂಡಾಗಲೆಂದು ಆಯಿ ಒಂಬತ್ತು ತಿಂಗಳು ಸೋಮವಾರ ಉಪವಾಸ ಮಾಡಿದ್ದಳು. ಹೆಣ್ಣೆಂದು ಗೊತ್ತಾದಾಗ ಬೈಯಲಿಲ್ಲ, ಅಳಲಿಲ್ಲ. ಈ ಸಲ ತೊಟ್ಟಿಲು ಇಳಿಸುವುದು ಬೇಡ ಎಂದಷ್ಟೇ ಅಪ್ಪನಿಗೆ ಹೇಳಿದಳು. ಅಪ್ಪ ಎದುರಾಡಲಿಲ್ಲ. ತೊಟ್ಟಿಲು ಅಟ್ಟದ ಮೇಲೆಯೇ ಉಳಿಯಿತು. ಕೂಸು ಸೀರೆಯ ಜೋಲಿಯಲ್ಲಿ ಮಲಗುತ್ತಿತ್ತು. ಆಯಿ ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಊರ ಕೂಸುಗಳಿಗೆಲ್ಲ ಹಾಡಿ ಬಂದು, ನಮ್ಮ ಜೋಲಿಯ ಪಕ್ಕದಲ್ಲೇ ಕಾಲು ಚಾಚಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು.

ಆಯಿ ಗುಡಿಗೆ ಹೋದ ಹೊತ್ತಿನಲ್ಲಿ ಟೀಚರ್ ಮನೆಗೆ ಬಂದು ಅವ್ವನ ಹತ್ತಿರ ಮಾತಾಡಿದರು. ಹೆಣ್ಣು ಕೂಸೆಂದು ಆಗಲೇ ಅವರಿಗೆ ಗೊತ್ತಾದದ್ದು. ಅವರೇನೂ ಹಿಂದೆ ಸರಿಯಲಿಲ್ಲ. ಅವ್ವ, "ಒಯ್ರಿ. ಅತ್ತಿಯವರಿಗಿ ಮಾತ್ರ ಹೇಳಬ್ಯಾಡ್ರಿ" ಎಂದಳು.

ಜಯಂತಿಯ ಬೆಳಿಗ್ಗೆ ಆಯಿ ಬೇಗನೆ ಶಾಲೆಗೆ ಹೋದಳು. ಅವ್ವ ಕೂಸಿಗೆ ನೀರೆರೆದು, ಆಯಿಯ ಹಳೆಯ ಹಸಿರು ಇಳಕಲ್ ಸೀರೆಯಲ್ಲಿ ಹೊಲಿದ ಅಂಗಿ ತೊಡಿಸಿ, ಹಣೆಗೆ ವಿಭೂತಿ ಹಚ್ಚಿ, ಕುಲಾಯಿ ಕಟ್ಟಿ ಟೀಚರ ಕೈಗೆ ಕೊಟ್ಟಳು. ತಾನು ಬರಲಿಲ್ಲ.

ಬೇವಿನ ಮರದ ಕೆಳಗೆ ಕಬ್ಬು ಕಟ್ಟಿ, ಚೆಂಡುಹೂವಿನ ಮಾಲೆ ಬಿಟ್ಟ ತೊಟ್ಟಿಲು. ನಾನು ಹಗ್ಗ ಹಿಡಿದು ನಿಂತೆ. ಆಯಿ ಎಂದಿನಂತೆ ಕಣ್ಣು ಮುಚ್ಚಿ ಹಾಡಿದಳು. ಹೆಂಗಸರು ಹಿಂದೆ ದನಿ ಕೂಡಿಸಿದರು. ಪದ ಮುಗಿಯುತ್ತ ಬಂದಾಗ ಹಾಡುವವಳು ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಆಯಿ ಎದ್ದು ಬಂದು ಬಗ್ಗಿದಳು. ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಕುಲಾಯಿ ಸರಿಸಿದಳು. ಹಾಡು ನಿಂತಿತು.

ಆಯಿ ನನ್ನ ಕಡೆ ನೋಡಲಿಲ್ಲ.

ಹಿಂದೆ ಯಾರೋ ಹೆಂಗಸು ಅದು ಹೆಣ್ಣು ಕೂಸು ಎಂದು ಪಿಸುಗುಟ್ಟಿದ್ದು ಮುಂದಿನ ಕುರ್ಚಿಗಳವರೆಗೆ ಬಂತು. ಸಮಾಜದ ಅಧ್ಯಕ್ಷರು ಎದ್ದು, ಊರಾಗ ಒಂದು ಗಂಡುಕೂಸು ಸಿಗಲಿಲ್ಲೇನು ಎಂದು ಟೀಚರನ್ನು ಕೇಳಿದರು. ಶರಣರಿಗೆ ಗಂಡು ಹೆಣ್ಣು ಎಂಬ ಭೇದ ಇರಲಿಲ್ಲವೆಂದು ಈಗ ತಾನೇ ನೀವೇ ಭಾಷಣ ಮಾಡಿದಿರಲ್ಲ ಎಂದರು ಟೀಚರ್. ಅಧ್ಯಕ್ಷರ ಮುಖ ಕೆಂಪಾಯಿತು. ಭಾಷಣ ಬೇರೆ, ಪದ್ಧತಿ ಬೇರೆ. ಕೂಸು ಎತ್ತಿ ಫೋಟೋ ಇಡಿ ಎಂದರು. ಟೀಚರ್ ತೊಟ್ಟಿಲ ಕಡೆ ಬಂದರು. ಆಯಿ ಕೈ ಅಡ್ಡ ಹಿಡಿದಳು.

"ಇರ್ಲಿ ಬಿಡ್ರಿ," ಎಂದಳು. "ತೊಟ್ಟಿಲದಾಗ ಹಾಕಿದ ಕೂಸಿಗಿ ಹೆಸರಿಡದ ಎತ್ತಬಾರದು."

ಅಧ್ಯಕ್ಷರು ಕೂತರು. ತೊಟ್ಟಿಲ ವಿಷಯದಲ್ಲಿ ಆಯಿಯ ಮಾತಿಗೆ ಎದುರು ಮಾತಿರಲಿಲ್ಲ. ಪದ ನಿಂತ ಕಡೆಯಿಂದಲೇ ಆಕೆ ಮತ್ತೆ ಎತ್ತಿಕೊಂಡಳು. ಒಂದು ಕಿವಿಯಲ್ಲಿ ಶರಣಜ್ಜರ ಹೆಸರು ಎಲ್ಲರಿಗೂ ಕೇಳುವಂತೆ ಹೇಳಿದಳು. ಇನ್ನೊಂದು ಕಿವಿಗೆ ಬಗ್ಗಿ ಮೆಲ್ಲಗೆ ಏನೋ ಹೇಳಿದಳು. ಹಗ್ಗ ಹಿಡಿದಿದ್ದ ನನಗೂ ಕೇಳಿಸಲಿಲ್ಲ. ಹೆಸರಿಟ್ಟವರ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ರೂಢಿ. ಮಕ್ಕಳೆಲ್ಲ ಓಡಿ ಬಂದು ಗುದ್ದಿದರು. ನಾನು ಮುಟ್ಟಿದೆ ಅಷ್ಟೇ.

ಹುಗ್ಗಿ ಉಂಡು ಮನೆಗೆ ಹೊರಟಾಗ ಕೂಸು ಆಯಿಯ ಹೆಗಲ ಮೇಲಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವ ಅದನ್ನು ನೋಡಿ ಒಳಗೆ ಸರಿದಳು. ಆಯಿ ಹಿಂದೆಯೇ ಹೋಗಿ, "ಈರಮ್ಮಗ ಹಸಿವ್ಯಾಗ್ಯದ, ತಗೋ" ಎಂದು ಕೂಸು ಕೊಟ್ಟಳು. ಈರಮ್ಮ ಎಂದರೆ ಆಯಿಯ ತಾಯಿ, ಆಕೆಗೆ ಪದ ಕಲಿಸಿದವಳು. ಅಂಗಡಿಯಿಂದ ಬಂದ ಅಪ್ಪ, ಯಾರೂ ಹೇಳದೆಯೇ ಅಟ್ಟ ಹತ್ತಿದರು.

ಆಯಿ ಅವ್ವನಿಗೆ ತಪ್ಪಾಯಿತೆಂದು ಹೇಳಲಿಲ್ಲ. ಮರುವರ್ಷ ಮತ್ತೆ ಗಂಡುಕೂಸಿನ ಮಾತೂ ಎತ್ತಿದಳು. ಆದರೆ ಈರಮ್ಮ ಬೆಳೆದದ್ದು ಆಕೆಯ ಮಡಿಲಲ್ಲಿ. ಇಷ್ಟು ಮುದಿ ಹೆಸರು ಯಾಕೆ ಇಟ್ಟರೆಂದು ಶಾಲೆ ಸೇರಿದ ಮೇಲೆ ಆಯಿಯೊಡನೆ ಜಗಳವಾಡುತ್ತಿದ್ದಳು.

ಈಗ ಆ ಶಾಲೆ ಇಂಗ್ಲಿಷ್ ಮೀಡಿಯಂ. ಮಾಡು ಸಿಮೆಂಟಿನದು, ಕನ್ನಡದ ಪಿರಿಯಡ್ ಇಲ್ಲ. ಜಯಂತಿ ಮಾತ್ರ ಮೊದಲಿಗಿಂತ ಜೋರಾಗಿ ಆಗುತ್ತದೆ. ಆಯಿ ತೀರಿಕೊಂಡು ಎಂಟು ವರ್ಷವಾಯಿತು. ಪದಗಳನ್ನು ಬರೆದಿಟ್ಟುಕೊಳ್ಳಬೇಕೆಂದು ನಾಲ್ವರು ಅಕ್ಕತಂಗಿಯರಲ್ಲಿ ಯಾರಿಗೂ ಹೊಳೆಯಲಿಲ್ಲ. ಇದ್ದೇ ಇರುತ್ತಾಳೆ ಎಂಬಂತೆ ಇದ್ದೆವು.

ಹೋದ ಮಾಘದಲ್ಲಿ ತಾಂಡೂರಿನ ಒಂದು ಫಂಕ್ಷನ್ ಹಾಲಿನಲ್ಲಿ ಈರಮ್ಮನ ಮಗಳಿಗೆ ಹೆಸರಿಟ್ಟರು. ಹೆಸರನ್ನು ಮೈಕಿನಲ್ಲಿ ಹೇಳಿದರು, ಫೋಟೋ ತೆಗೆದರು, ಜನ ಊಟಕ್ಕೆ ಎದ್ದರು. ಗದ್ದಲಕ್ಕೆ ಕೂಸು ಅಳತೊಡಗಿತು. ಅವ್ವ ತೊಟ್ಟಿಲ ಹತ್ತಿರ ಹೋಗಿ ಹಗ್ಗ ಹಿಡಿದಳು. ಅತ್ತೆಯ ಎದುರು ಆಕೆ ಎಂದೂ ಹಾಡಿದವಳಲ್ಲ. ಇಪ್ಪತ್ತೈದು ವರ್ಷ ಕೇಳಿದ್ದರಿಂದ ಧಾಟಿ ಬಂತು, ಪದದ ಮಾತುಗಳು ಬರಲಿಲ್ಲ. ಧಾಟಿಯನ್ನಷ್ಟೇ ಗುನುಗುತ್ತ ತೂಗಿದಳು. ಕೂಸು ಮಲಗಿತು.