ತಿನ್ನುವವರ ಪೈಕಿ

ನಂಜನಗೂಡಿಗೆ ಟೀಚರಾಗಿ ಬಂದ ಹೊಸತರಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮನೆಯೊಡತಿ ಬಾಗಿಲಲ್ಲೇ ನಿಲ್ಲಿಸಿ, "ನೀವು ತಿಂತೀರಾ?" ಎಂದರು. ತಿಂಡಿಗೆ ಕರೆಯುತ್ತಿದ್ದಾರೆಂದು ಖುಷಿಯಾಗಿ, "ಈಗ ತಾನೆ ತಿಂದ್ಕೊಂಡೇ ಬಂದೆ ಕಣ್ರೀ" ಎಂದುಬಿಟ್ಟೆ. ಆಕೆಯ ಮುಖ ಹುಳ್ಳಗಾಯಿತು. ಮನೆ ಬೇರೆಯವರಿಗೆ ಆಗಿದೆ ಎಂದರು. ಅವರು ಕೇಳಿದ್ದು ಬಾಡು ತಿನ್ನುವ ಮಾತು ಎಂದು ನನಗೆ ಹೊಳೆದದ್ದು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ. ಸೋಮನಾಥಪುರದ ಪಕ್ಕದ ನಮ್ಮ ಕೇರಿಯಲ್ಲಿ ಎಲ್ಲರೂ ತಿನ್ನುವವರೇ. ಆ ಪ್ರಶ್ನೆಯನ್ನು ಅಲ್ಲಿ ಯಾರು ಯಾರಿಗೆ ಕೇಳಬೇಕು?

ತಮಾಷೆಯೆಂದರೆ ನಾನು ತಿನ್ನುವುದೇ ಇಲ್ಲ. ಚಿಕ್ಕಂದಿನಲ್ಲಿ ನಾನು ಸಾಕಿದ ಕೋಳಿಯನ್ನು ಮಾವ ಬಂದನೆಂದು ಕುಯ್ದಾಗ ಬಿಟ್ಟದ್ದು, ಮತ್ತೆ ಮುಟ್ಟಲಿಲ್ಲ. ಊರಿಗೆ ಹೋದರೆ ಅವ್ವ ಇಂದಿಗೂ ಛೇಡಿಸದೆ ಬಿಡುವುದಿಲ್ಲ. "ಐನೋರ್ ಮನೆ ಸೊಸೆ ಬಂದವ್ಳೆ ಕಣ್ರವ್ವ, ಅವಳ್ಗೊಸಿ ಸೊಪ್ಪಿನ ಸಾರು ಮಾಡಿ." ಹಬ್ಬದ ದಿನ ಎಲ್ಲರೂ ಸಾಲಾಗಿ ಕೂತು ಮೂಳೆ ಚೀಪುವಾಗ ನಾನೊಬ್ಬಳು ಮೂಲೆಯಲ್ಲಿ ಮೊಸರನ್ನ ಕಲಸುತ್ತೇನೆ. ನಗುತ್ತಾರೆ. ನಗುತ್ತಲೇ ನನ್ನ ತಟ್ಟೆಯಿಂದ ಒಂದು ತುತ್ತು ಎತ್ತಿಕೊಳ್ಳುತ್ತಾರೆ.

ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹಾಗಾಗುತ್ತಿರಲಿಲ್ಲ. ಮಧ್ಯಾಹ್ನ ಹೆಂಗಸರೆಲ್ಲ ಮೇಜಿನ ಸುತ್ತ ಕೂತು ಡಬ್ಬಿ ಬಿಚ್ಚಿ ಹಂಚಿಕೊಳ್ಳುತ್ತಿದ್ದರು. ನಾನು ವೆಜ್ ಎಂದು ಮೊದಲ ದಿನವೇ ಹೇಳಿದ್ದೆ.

"ನೀವು ತಿನ್ನಲ್ಲ, ಸರಿ. ಮನೇಲಿ?" ಹಿರಿಯ ಟೀಚರೊಬ್ಬರು ಕೇಳಿದರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ತಿಂತಾರೆ" ಎಂದೆ. ಅಲ್ಲಿಗೆ ಮುಗಿಯಿತು.

ಆಮೇಲೆ ಒಬ್ಬರಿಗೆ ಹೊಟ್ಟೆ ತುಂಬಿರುತ್ತಿತ್ತು, ಇನ್ನೊಬ್ಬರಿಗೆ ಗ್ಯಾಸ್ಟ್ರಿಕ್, ಮತ್ತೊಬ್ಬರಿಗೆ ವ್ರತ. ನನಗೆ ಅವರು ಧಾರಾಳವಾಗಿಯೇ ಬಡಿಸುತ್ತಿದ್ದರು. ನನ್ನ ಡಬ್ಬಿಗೆ ಮಾತ್ರ ಯಾರ ಕೈಯೂ ಬರುತ್ತಿರಲಿಲ್ಲ. ನಾನೊಬ್ಬಳೇ ಇದ್ದ ಬಾಡಿಗೆ ಕೋಣೆಯ ಪಾತ್ರೆಗಳು ಮೊಟ್ಟೆಯನ್ನೂ ಕಂಡಿರಲಿಲ್ಲ. ವೆಜ್ ಎನ್ನುವುದು ಬಾಯಿಂದ ಬರುವುದಲ್ಲ, ಹುಟ್ಟಿನಿಂದ ಬರುವುದು ಎಂದು ನಿಧಾನವಾಗಿ ಕಲಿತೆ. ಆದರೂ ಹುಚ್ಚು ಮನಸ್ಸು, ಯಾರಾದರೂ ಒಬ್ಬರು ಒಂದೇ ಒಂದು ತುತ್ತು ತಿನ್ನಲಿ ಎಂದು ದಿನಾ ಹೆಚ್ಚಿಗೆ ಮಾಡಿ ಒಯ್ಯುತ್ತಿದ್ದೆ. ಸಂಜೆ ಅದನ್ನೇ ಕೋಣೆಯಲ್ಲಿ ಬಿಸಿ ಮಾಡಿ ಉಣ್ಣುತ್ತಿದ್ದೆ.

ಈ ವರ್ಷ ಮೈಸೂರಿನಿಂದ ಹೊಸ ಕಂಪ್ಯೂಟರ್ ಟೀಚರ್ ಬಂದಳು. ಪಾಯಸ ಕೊಟ್ಟರೆ, "ಸಾರಿ, ನಾನು ವೀಗನ್" ಎಂದಳು. ಮೇಜಿಗೆ ಮೇಜೇ ತಬ್ಬಿಬ್ಬಾಯಿತು.

"ವೀಗನ್ ಅಂದ್ರೆ ಯಾವ ಜನಾಮ್ಮ? ನಮ್ಮ ಕಡೆ ಇಲ್ವಲ್ಲ" ಎಂದರು ಹಿರಿಯ ಟೀಚರ್.

ಜಾತಿಯಲ್ಲ, ಹಾಲು, ಮೊಸರು, ತುಪ್ಪ, ಜೇನು ಯಾವುದನ್ನೂ ಮುಟ್ಟದವರು ಎಂದು ಅವಳು ವಿವರಿಸಿದಳು. "ಅಯ್ಯೋ, ನಮ್ಮ ಮಠದಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ ಬಿಡು" ಎಂದರು ಅವರು. ಬಹಳ ದಿನಗಳ ಮೇಲೆ ನಾನು ಆ ರೂಮಿನಲ್ಲಿ ಜೋರಾಗಿ ನಕ್ಕೆ.

ಅದು ಅವರೆಕಾಯಿಯ ಕಾಲ. ಒಂದು ದಿನ ಅವರೆಕಾಳಿನ ಬಾತ್ ಮಾಡಿ, ಘಮಕ್ಕಾದರೂ ಯಾರಾದರೂ ಕೈ ಚಾಚಿಯಾರು ಎಂದು ಮೇಲೆ ತುಪ್ಪ ಸುರಿದೆ. ಹೊಸ ಹುಡುಗಿ ನೆನಪಿಗೇ ಬರಲಿಲ್ಲ. ನನಗಿದ್ದದ್ದು ಆ ಹಳಬರದೇ ಚಿಂತೆ.

ಡಬ್ಬಿ ತೆಗೆದದ್ದೇ ಅವಳು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. "ಅವರೆಕಾಳಾ! ನಂಗೆ ಪ್ರಾಣ ಮೇಡಂ." ಅವಳ ಚಮಚ ನನ್ನ ಡಬ್ಬಿಯ ಮೇಲೆ ಬಂತು. ಉಳಿದವರು ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಯಾರೋ ಕೆಮ್ಮಿದರು. ಚಮಚ ಅಲ್ಲೇ ನಿಂತಿತು.

"ತುಪ್ಪ ಹಾಕಿದ್ದೀರಾ?"

ಇಲ್ಲ ಎಂದರೆ ತಿನ್ನುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು.

"ಹಾಕಿದ್ದೀನಮ್ಮ" ಎಂದೆ.

"ಛೆ, ಹಾಗಾದ್ರೆ ನಂಗೆ ಬೇಡ" ಎಂದು ನಿಜಕ್ಕೂ ಬೇಜಾರಾಗಿ ಚಮಚ ಹಿಂತೆಗೆದಳು. ಮೇಜಿನ ಸುತ್ತ ಮತ್ತೆ ಮಾತು ಶುರುವಾಯಿತು. ನಾನು ಬಾತನ್ನು ಒಬ್ಬಳೇ ತಿಂದೆ. ಅವಳ ಮೇಲೆ ಕೋಪ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ನನ್ನ ಅಡುಗೆಯೊಳಗೆ ಏನಿದೆ ಎಂದು ಕೇಳಿ ಬೇಡ ಎಂದವಳು ಅವಳೊಬ್ಬಳೇ.