ಭಾವನ ಎಡಗಿವಿ ಮತ್ತು ಸಿಡಿಲಿನ ಮೆಸೇಜು

ನನ್ನ ಭಾವನ ಎಡಗಿವಿಯಲ್ಲಿ ಈಗ ದಿನವಿಡೀ ಪ್ರೆಶರ್ ಕುಕ್ಕರ್ ಕೂಗುತ್ತಿರುತ್ತದಂತೆ. ಎಷ್ಟು ಸೀಟಿ ಆಯಿತು ಎಂದು ಕೇಳಿದರೆ, ‘ಬೇಳೆ ಇನ್ನೂ ಬೆಂದಿಲ್ಲ ಬಿಡು’ ಎನ್ನುತ್ತಾರೆ.

ಇದಕ್ಕೆ ಅರ್ಧ ಕಾರಣ ಸಿಡಿಲು. ಇನ್ನರ್ಧ ಕಾರಣ ಈ ಅಂಕಣ.

ತಮಾಷೆಗೆ ಹೇಳುತ್ತಿಲ್ಲ. ಪೂರ್ತಿ ಕೇಳಿ.

ಭಾವ ಎಂದರೆ ನನ್ನ ಗಂಡನ ಅಣ್ಣ, ಮುನಿರಾಜಪ್ಪ. ತಮಿಳುನಾಡಿನ ಗಡಿಯೊಳಗಿನ ಬೇರಿಕೆಯ ಹತ್ತಿರ ಹೊಲ. ಮಳೆಗಾಲಕ್ಕೆ ರಾಗಿ, ಉಳಿದಂತೆ ಟೊಮೆಟೊ, ಬೀನ್ಸು. ಗಡಿಯಾಚೆಯಿಂದ ಬೆಳಗಿನ ಬಸ್ಸಿನಲ್ಲಿ ಬರುವ ಕನ್ನಡ ಪೇಪರನ್ನು ಮೊದಲು ಬಿಚ್ಚುವವರು ಅವರೇ. ರಾಜಕೀಯದ ಪುಟ ಓದುವುದಿಲ್ಲ. ವಿಜ್ಞಾನ, ಟೆಕ್ನಾಲಜಿ ಸುದ್ದಿ ಮಾತ್ರ ಒಂದಕ್ಷರ ಬಿಡುವುದಿಲ್ಲ. ಜ್ಞಾನಕ್ಕಲ್ಲ, ಬೈಯುವುದಕ್ಕೆ.

ಚಂದ್ರನ ಮೇಲೆ ನೀರಿದೆ ಎಂದು ಸುದ್ದಿ ಬಂದರೆ, ‘ಅದನ್ನ ಹುಡುಕ್ದೋನ್ನ ಒಂದ್ಸಲ ನಮ್ ಬೋರ್‌ವೆಲ್ ಹತ್ರ ಕಳ್ಸಿ’ ಎನ್ನುತ್ತಾರೆ. ಕಾಫಿ ಹೃದಯಕ್ಕೆ ಒಳ್ಳೆಯದು ಎಂದರೆ, ‘ಹೋದ್ ತಿಂಗ್ಳು ಕೆಟ್ಟದ್ದಾಗಿತ್ತಲ್ಲ, ಕಾಫಿಗಾದ್ರೂ ಗೊತ್ತಾ ಇದು?’ ಎಐ ಪದ್ಯ ಬರೆಯುತ್ತದೆ ಎಂದು ನಾನೇ ಒಮ್ಮೆ ಹೇಳಿದ್ದೆ. ‘ಪದ್ಯ ಬಿಡು. ಕಳೆ ಕೀಳ್ತದಾ ಕೇಳು’ ಎಂದರು.

ನೀವು ಇವನ್ನೆಲ್ಲ ಎಲ್ಲೋ ಓದಿದ್ದೀರಿ ಅನ್ನಿಸುತ್ತಿದೆಯೇ? ಇಲ್ಲೇ ಓದಿದ್ದೀರಿ. ನನ್ನ ಅಂಕಣದ ಅರ್ಧ ಜೋಕು ಭಾವನದ್ದು. ಅವರ ಹೆಸರು ಹಾಕದೆ ಕದ್ದು ಬರೆಯುತ್ತಿದ್ದೆ. (ಅವರಿಗೆ ಬೇಸರವಿಲ್ಲ. ಪ್ರತಿ ವಾರ ಫೋಟೊ ತೆಗೆದು ಸ್ಟೇಟಸ್ ಹಾಕಿಕೊಳ್ಳುತ್ತಾರೆ.)

ಕೆಲವು ವಾರಗಳ ಹಿಂದೆ ಸಿಡಿಲಿನ ಮೆಸೇಜಿನ ಬಗ್ಗೆ ಬರೆದಿದ್ದೆನಲ್ಲ, ನೆನಪಿದೆಯೇ? ಗುಡುಗು ಸಿಡಿಲು ಬರುವ ಮೊದಲೇ ರೈತರ ಫೋನಿಗೆ ಎಚ್ಚರಿಕೆ ಬರುತ್ತದೆ ಎಂಬ ಸುದ್ದಿ ಪೇಪರಿನಲ್ಲಿತ್ತು. ಭಾವನಿಗೆ ಫೋನ್ ಮಾಡಿ ಕೇಳಿದೆ. ‘ಬತ್ತದೆ ಬತ್ತದೆ, ವಾರಕ್ಕೆರಡ್ ಸಲ ಕುಯ್ ಅಂತದೆ. ಎಲ್ಲಾ ಸುಳ್ಳು. ಮೋಡ ಕಂಡ್ರೆ ನಮ್ಗಿಂತ ಫೋನೇ ಜಾಸ್ತಿ ಹೆದರ್ಕತದೆ’ ಎಂದರು. ಇಷ್ಟು ಸಾಕಾಯಿತು ನನಗೆ. ಮೋಡಕ್ಕೆ ಹೆದರುವ ಫೋನಿನ ಮೇಲೆ ಒಂದು ಪೂರ್ತಿ ಅಂಕಣ ಹೊಸೆದೆ. ಅಷ್ಟು ಮೆಚ್ಚುಗೆ ಈ ವರ್ಷ ಬೇರೆ ಯಾವುದಕ್ಕೂ ಬಂದಿರಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಹೊಸೂರಿನಿಂದ ಬೇರಿಕೆಗೆ ಹೋದೆ. ಗಂಡನಿಗೆ ಶಿಫ್ಟ್ ಇತ್ತು, ಒಬ್ಬಳೇ ಹೋಗಿದ್ದೆ. ಟೊಮೆಟೊ ಕೀಳುವ ದಿನ. ಭಾವನ ಹೆಂಡತಿ ನಾರಾಯಣಮ್ಮ, ನಾನು ಅಕ್ಕ ಎಂದು ಕರೆಯುವುದು, ಹೊಲಕ್ಕೇ ಮುದ್ದೆ ಸಾರು ತಂದಿದ್ದರು. ಹೊಲದ ಬದುವಿನಲ್ಲಿ ದೊಡ್ಡ ಹುಣಸೆಮರ. ಅದರ ನೆರಳಲ್ಲಿ ಎಲ್ಲರೂ ಊಟ ಮಾಡಿದೆವು. ಕೆಲಸಕ್ಕೆ ಬಂದಿದ್ದವರು ಮೂವರು ಹೆಂಗಸರು. ಇಬ್ಬರು ಅದೇ ಊರಿನವರು. ಮೂರನೆಯವಳು ಸೆಲ್ವಿ. ಊತಂಗರೆ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಎಂಟನೆಯ ಕ್ಲಾಸಿನ ತನಕ ತಮಿಳಲ್ಲಿ ಓದಿದ್ದಾಳೆ. ಕನ್ನಡ ಮಾತಾಡುತ್ತಾಳೆ, ನಡುನಡುವೆ ತಮಿಳು ನುಗ್ಗುತ್ತದೆ.

ಊಟ ಮುಗಿದು ಕೈ ತೊಳೆಯುವಾಗ ಕ್ರೇಟಿನ ಮೇಲಿಟ್ಟಿದ್ದ ಭಾವನ ಫೋನ್ ಕುಯ್ ಎಂದಿತು.

‘ಅಣ್ಣಾ, ಮೆಸೇಜ್ ಬಂತು’ ಎಂದಳು ಸೆಲ್ವಿ.

‘ಅದು ದಿನಾ ಬರೋದೇ. ಬಿಡು.’

ಅವಳು ಬಿಡಲಿಲ್ಲ. ಬಗ್ಗಿ ನೋಡಿದಳು. ತುಟಿ ಅಲ್ಲಾಡಿಸಿಕೊಂಡು ಪೂರ್ತಿ ಓದಿದಳು. ‘ಇಡಿ ಮಿನ್ನಲ್ ಅಣ್ಣಾ. ಸಿಡ್ಲು. ಇನ್ನೊಂದ್ ಗಂಟೆ ಒಳಗೆ ಅಂತಾರೆ. ನಮ್ ಪಕ್ಕದ ಊರುಗಳ ಹೆಸ್ರು ಹಾಕಿದಾರೆ. ಬಯಲಲ್ಲಿ ಇರಬೇಡಿ, ಮರದ ಕೆಳಗೆ ನಿಲ್ಬೇಡಿ ಅಂತ.’

ಭಾವ ಆಕಾಶ ನೋಡಿದರು. ನಾನೂ ನೋಡಿದೆ. ನೆತ್ತಿಯ ಮೇಲೆ ಬಿಸಿಲು ಉರಿಯುತ್ತಿತ್ತು. ಪೂರ್ವದ ಕಡೆ ಒಂದಿಷ್ಟು ಮೋಡ, ಅಷ್ಟೇ.

‘ಬೆನ್ ಸುಡ್ತಾ ಐತೆ, ಸಿಡ್ಲಂತೆ’ ಎಂದರು ಭಾವ. ‘ಈ ಫೋನ್‌ಗೆ ಒಂದ್ ಛತ್ರಿ ಕೊಡ್ಸಣ ಅಂತ ನೀನೇ ಬರ್ದಿದ್ದಲ್ಲಮ್ಮ?’

‘ಛತ್ರಿ ಅಲ್ಲ ಭಾವ, ಸ್ವೆಟರ್ರು’ ಎಂದೆ. ಇಬ್ಬರೂ ನಕ್ಕೆವು. ಊರಿನ ಇಬ್ಬರು ಹೆಂಗಸರೂ ನಕ್ಕರು.

ಸೆಲ್ವಿ ನಗಲಿಲ್ಲ. ‘ತಮಾಷೆ ವೇಣಾಂ ಅಣ್ಣಾ. ನಮ್ ಮಾಮ ಹಿಂಗೇ ಮರದ ಕೆಳಗೆ ನಿಂತಿದ್ರು. ಆಡು ಕಾಯಕ್ಕೆ ಹೋದವ್ರು. ನಾವೇ ಹೋಗಿ ಎತ್ಕೊಂಡ್ ಬಂದ್ವಿ’ ಎಂದಳು. ಬುಟ್ಟಿ ಕೆಳಗಿಟ್ಟು ಪಂಪ್‌ಹೌಸಿನ ಕಡೆ ಹೊರಟಳು. ಅದು ಮೋಟರು ಇಡುವ ಸಿಮೆಂಟಿನ ಕೋಣೆ, ಹೊಲದ ಆ ತುದಿಯಲ್ಲಿದೆ.

ಭಾವನಿಗೆ ರೇಗಿತು. ನಾಲ್ಕು ಗಂಟೆಗೆ ಮಾರ್ಕೆಟ್ಟಿಗೆ ಹೋಗುವ ಟೆಂಪೊ ಬರುತ್ತದೆ. ಇನ್ನೂ ನಾಲ್ಕು ಸಾಲು ಕೀಳುವುದಿದೆ.

‘ಈಗ ಕೆಲ್ಸ ಬುಟ್ ಹೋದ್ರೆ ನಾಳೆಯಿಂದ ಬರ್ಲೇಬೇಡ!’

ಸೆಲ್ವಿ ತಿರುಗಿ ನಿಂತಳು. ದನಿ ಏರಿಸಲಿಲ್ಲ. ‘ಸರಿ ಅಣ್ಣಾ. ನಾಳೆ ಬರಲ್ಲ. ಇವತ್ತು ಇಲ್ಲಿ ನಿಲ್ಲಲ್ಲ.’

ಉಳಿದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಅಕ್ಕ ಪಾತ್ರೆ ಎತ್ತಿಕೊಂಡು ಎದ್ದರು. ‘ನೀವಿಬ್ರೂ ನಗ್ತಾ ಇರಿ. ಬನ್ರೇ, ಅರ್ಧ ಗಂಟೆ ಕುಂತ್ರೆ ಟೊಮೇಟೊ ಎಲ್ಲೂ ಓಡ್ ಹೋಗಲ್ಲ’ ಎಂದು ಅವರನ್ನೂ ಕರೆದುಕೊಂಡು ನಡೆದರು.

ನಾನು ಹೋಗಲಿಲ್ಲ. ಯಾಕೆ? ಭಯವಿರಲಿಲ್ಲ ಎಂದಲ್ಲ. ಅಷ್ಟು ಚೆನ್ನಾಗಿ ಬರೆದ ಮೇಲೆ ಎದ್ದು ಹೋಗುವುದು ಹೇಗೆ? ನನ್ನದೇ ಜೋಕು ನನ್ನನ್ನು ಮರದ ಬುಡದಲ್ಲಿ ಕೂರಿಸಿತ್ತು. ಭಾವನೂ ಹಟಕ್ಕೆ ಬಿದ್ದು ಅಲ್ಲೇ ಟೊಮೆಟೊ ಆರಿಸುತ್ತ ಕೂತರು. ನಾನು ಒಡೆದವನ್ನು ಬೇರೆ ಮಾಡುತ್ತಿದ್ದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಮೊದಲು ಗಾಳಿ ಬಂತು. ಬಿಸಿಲು ಯಾರೋ ಸ್ವಿಚ್ ಆರಿಸಿದ ಹಾಗೆ ಹೋಯಿತು. ದಪ್ಪ ಹನಿ ಬಿದ್ದವು. ದೂರದಲ್ಲಿ ಒಮ್ಮೆ ಗುಡುಗಿತು.

‘ಒಂದ್ ಮಳೆ, ಈಗ್ ಬಂದ್ ಈಗ್ ಹೋಯ್ತದೆ’ ಎಂದರು ಭಾವ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಪಂಪ್‌ಹೌಸಿನ ಬಾಗಿಲಿಂದ ಸೆಲ್ವಿ ನನ್ನನ್ನು ಕೂಗಿದಳು. ‘ಅಕ್ಕಾ! ಮರ ಬಿಟ್ ಬನ್ನಿ! ಬನ್ನಿ ಅಕ್ಕಾ!’

ಎರಡನೆಯ ಗುಡುಗು ತಲೆಯ ಮೇಲೆಯೇ ಆಯಿತು. ನಾನು ಎದ್ದು ಓಡಿದೆ. ಚಪ್ಪಲಿ ಅಲ್ಲೇ ಬಿಟ್ಟೆ. ‘ಭಾವ, ಬನ್ನಿ’ ಎಂದು ಕಿರುಚಿದ್ದು ನೆನಪಿದೆ. ಅವರು, ‘ಟಾರ್ಪಾಲ್ ಹೊದ್ಸಿ ಬತ್ತೀನಿ, ನೀನ್ ಹೋಗು’ ಎಂದರು. ಕ್ರೇಟಿನ ಮೇಲೆ ನೀಲಿ ಟಾರ್ಪಾಲು ಎಳೆದರು, ನಾಲ್ಕು ಮೂಲೆಗೂ ಕಲ್ಲಿಟ್ಟರು. ನಾನು ಪಂಪ್‌ಹೌಸ್ ತಲುಪಿ ತಿರುಗಿ ನೋಡಿದಾಗ ಅವರು ಮರದಿಂದ ಈಚೆಗೆ ಒಂದು ಮೂವತ್ತು ಹೆಜ್ಜೆ ಬಂದಿದ್ದರು.

ಬೆಳಕು ಮೊದಲೋ ಸದ್ದು ಮೊದಲೋ ಹೇಳಲಾರೆ. ನನಗೆ ಎರಡೂ ಒಟ್ಟಿಗೇ ಬಂದವು. ಪಂಪ್‌ಹೌಸಿನ ತಗಡಿನ ಬಾಗಿಲು ನಡುಗಿತು. ಸುಟ್ಟ ವಯರಿನ ವಾಸನೆ. ಕಣ್ಣು ಸರಿಹೋದಾಗ ಹುಣಸೆಮರದ ತೊಗಟೆ ತುದಿಯಿಂದ ಬುಡದವರೆಗೆ ಪಟ್ಟಿ ಸುಲಿದಂತೆ ಎದ್ದಿತ್ತು, ಒಳಗಿನ ಬಿಳಿ ಕಾಣುತ್ತಿತ್ತು. ಭಾವ ಟೊಮೆಟೊ ಸಾಲಿನ ನಡುವೆ ಮಕಾಡೆ ಬಿದ್ದಿದ್ದರು.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತರು. ಓಡಿದವಳು ಸೆಲ್ವಿ. ಅವಳ ಹಿಂದೆ ನಾನು. ಮುಟ್ಟುವುದಕ್ಕೆ ನನಗೆ ಹೆದರಿಕೆ. ‘ಮುಟ್ಟಿದ್ರೆ ಏನೂ ಆಗಲ್ಲ ಅಕ್ಕಾ, ಕರೆಂಟ್ ಇಲ್ಲ, ತಿರುಗ್ಸಿ’ ಎಂದು ಅವಳೇ ಹೇಳಿದಳು. ತಿರುಗಿಸಿದೆವು. ಕಣ್ಣು ತೆರೆದಿತ್ತು. ಉಸಿರಾಡುತ್ತಿದ್ದರು. ಎಡಗಿವಿಯಿಂದ ಸಣ್ಣದಾಗಿ ರಕ್ತ ಇಳಿಯುತ್ತಿತ್ತು.

‘ನನ್ ಕಾಲ್ ಎಲ್ಲೈತೆ?’ ಎಂದು ಕೇಳಿದರು.

ಕಾಲು ಎರಡೂ ಇದ್ದವು. ಅವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಆ ಒಂದು ಪ್ರಶ್ನೆ ಕೇಳಿದಾಗ ನನಗಾದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಟಾರ್ಪಾಲಿನಲ್ಲೇ ಹೊತ್ತು ಪಂಪ್‌ಹೌಸಿಗೆ ತಂದೆವು. ಟೆಂಪೊದವನಿಗೆ ಫೋನ್ ಮಾಡಿ ಬೇಗ ಕರೆಸಿದೆವು. ಟೊಮೆಟೊ ಹೋಗಬೇಕಿದ್ದ ಗಾಡಿಯಲ್ಲಿ ಭಾವ ಹೊಸೂರಿನ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಸೆಲ್ವಿ ಅವರ ಪಾದ ಉಜ್ಜುತ್ತಿದ್ದಳು. ಅಕ್ಕ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮನೆ ಮಾತಾಡುತ್ತಿದ್ದರು, ಹಾಲು ಕರೆಯುವುದು, ಹಿತ್ತಲ ಬಾಗಿಲು, ಏನೇನೋ. ಡಾಕ್ಟರು ಇಸಿಜಿ ಮಾಡಿದರು. ಮರಕ್ಕೆ ಬಿದ್ದ ಸಿಡಿಲು ನೆಲದಲ್ಲಿ ಹರಿದು ಕಾಲಿಗೆ ತಗುಲಿದೆ, ಕಾಲು ತಾನಾಗಿ ಸರಿಹೋಗಬಹುದು, ಕಿವಿಯ ತಮಟೆ ಹರಿದಿದೆ ಎಂದರು. ಸಂಜೆ ಆರರ ಹೊತ್ತಿಗೆ ಹೆಬ್ಬೆರಳು ಅಲ್ಲಾಡಿತು. ಅಕ್ಕ ಆಗ ಅತ್ತರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ ಭಾವನ ಫೋನ್ ನನ್ನ ಕೈಯಲ್ಲಿತ್ತು. ಮೆಸೇಜು ತೆರೆದೆ. ಸಾಲಾಗಿ ಎಚ್ಚರಿಕೆಗಳು. ಸೆಲ್ವಿ ಓದಿದ್ದೊಂದು ಬಿಟ್ಟರೆ ಯಾವುದನ್ನೂ ತೆರೆದಿಲ್ಲ. ಎಲ್ಲವೂ ತಮಿಳಲ್ಲಿ.

ಭಾವ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ತಮಿಳಲ್ಲಿ ಮಾರ್ಕೆಟ್ಟಿನಲ್ಲಿ ಜಗಳ ಆಡುತ್ತಾರೆ, ತಾಲ್ಲೂಕು ಆಫೀಸಿನಲ್ಲಿ ವಾದಿಸುತ್ತಾರೆ. ಅಂಥವರಿಗೆ ತಮಿಳು ಓದಲು ಬರುವುದಿಲ್ಲ ಎಂದು ಈ ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ಮಾರನೆಯ ದಿನ ಬಲಗಿವಿಯ ಹತ್ತಿರ ಬಾಯಿಟ್ಟು ಕೇಳಿದೆ: ‘ಎಲ್ಲಾ ಸುಳ್ಳು ಅಂದ್ರಲ್ಲ ಭಾವ, ಒಂದಾದ್ರೂ ಓದಿದ್ರಾ?’

ಭಾವ ಸೂರಿನ ಫ್ಯಾನ್ ನೋಡುತ್ತ ಮಲಗಿದ್ದರು. ‘ಓದಕ್ ಬರಲ್ಲ ಅನ್ನೋದ್ಕಿಂತ ಸುಳ್ಳು ಅನ್ನೋದು ಸಲೀಸು ಕಣಮ್ಮ’ ಎಂದರು.

ಸರಿ, ಅವರಿಗೆ ಒಂದು ಕಾರಣವಿತ್ತು. ನನಗೆ?

ಹಳೆಯ ಓದುಗರಿಗೆ ಗೊತ್ತು, ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಅನುಮಾನ ಪಡುವುದಕ್ಕೇ ಸಂಬಳ. ಆದರೆ ಅಲ್ಲಿ ಅನುಮಾನ ಬಂದ ಪೀಸನ್ನು ಕೈಗೆತ್ತಿಕೊಳ್ಳಬೇಕು, ಗೇಜ್ ಇಟ್ಟು ಅಳೆಯಬೇಕು, ಆಮೇಲೆ ರಿಜೆಕ್ಟ್ ಎಂದು ಬರೆಯಬೇಕು. ಡಬ್ಬಿ ತೆರೆಯದೆ ಇಡೀ ಬ್ಯಾಚಿಗೆ ಕೆಂಪು ಸ್ಟಿಕರ್ ಅಂಟಿಸಿದರೆ ಅದೇ ಸಂಜೆ ನನ್ನನ್ನು ಮನೆಗೆ ಕಳಿಸುತ್ತಾರೆ. ಅಂಕಣದಲ್ಲಿ ನಾನು ಮಾಡಿದ್ದು ಅದನ್ನೇ. ಒಂದು ಮೆಸೇಜನ್ನೂ ನೋಡಿರಲಿಲ್ಲ. ಯಾರೂ ಮನೆಗೆ ಕಳಿಸಲಿಲ್ಲ. ಚಪ್ಪಾಳೆ ತಟ್ಟಿದರು.

ಹಾಗಂತ ನಾಳೆಯಿಂದ ಚಾಕೊಲೇಟ್ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಸುದ್ದಿಗೆಲ್ಲ ನಾನು ಕೈ ಮುಗಿಯುವುದಿಲ್ಲ. ನಗುತ್ತೇನೆ. ಸಿಡಿಲಿನ ಮೆಸೇಜೂ ಪ್ರತಿ ಸಲ ನಿಜವಾಗುವುದಿಲ್ಲ. ಈಗ ಬಂದದ್ದನ್ನೆಲ್ಲ ಓದಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಕೆಲವು ಸಲ ಬೇರಿಕೆಯಲ್ಲೇ ಗುಡುಗುತ್ತದೆ, ಕೆಲವು ಸಲ ಆಚೆ ಊರಿನಲ್ಲಿ, ಕೆಲವು ಸಲ ಎಲ್ಲೂ ಇಲ್ಲ. ಅಳೆದ ಮೇಲೆ ನಗುವುದು ಬೇರೆ. ಅಳೆಯುವ ಕಷ್ಟ ತಪ್ಪಿಸಿಕೊಳ್ಳಲು ನಗುವುದು ಬೇರೆ.

ಸೆಲ್ವಿ ಹೇಳಿದಂತೆಯೇ ನಡೆದುಕೊಂಡಳು. ಮಾರನೆಯ ದಿನದಿಂದ ಹೊಲಕ್ಕೆ ಬರಲಿಲ್ಲ. ಪಕ್ಕದ ಊರಿನ ಗುಲಾಬಿ ತೋಟಕ್ಕೆ ಹೋಗತೊಡಗಿದಳು. ಭಾವ ಓಡಾಡುವಂತಾದ ಮೇಲೆ, ಕಿವಿಗೆ ಹತ್ತಿ ಇಟ್ಟುಕೊಂಡು, ಅಕ್ಕನ ಜೊತೆ ಅವಳ ಮನೆಗೆ ಹೋದರು. ನಾನೂ ಇದ್ದೆ. ಹೊಸಿಲಾಚೆಯೇ ನಿಂತು, ‘ಅವತ್ತು ಅಂದಿದ್ ತಪ್ಪಾಯ್ತಮ್ಮ. ನಾಳೆಯಿಂದ ಬಾ’ ಎಂದರು. ಭಾವ ಯಾರಿಗಾದರೂ ತಪ್ಪಾಯಿತು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. (ಅಕ್ಕನೂ ಕೇಳಿರಲಿಲ್ಲವಂತೆ.)

ಸೆಲ್ವಿ ಯೋಚಿಸಿದಳು. ‘ಬತ್ತೀನಿ ಅಣ್ಣಾ. ಆದ್ರೆ ಕೆಲ್ಸದ ಟೈಮಲ್ಲಿ ಫೋನ್ ನನ್ ಹತ್ರ ಇರ್ಬೇಕು. ನಾನ್ ಓದಿ ಹೇಳ್ದಾಗ ಎಲ್ರೂ ಏಳ್ಬೇಕು. ನೀವೂ.’

‘ಆಗ್ಲಿ’ ಎಂದರು ಭಾವ. ಆಮೇಲೆ ತಡೆಯಲಾರದೆ, ‘ಹೊಲ ನಂದು, ಫೋನ್ ನಂದು, ಆರ್ಡರ್ ನಿಂದು’ ಎಂದೂ ಸೇರಿಸಿದರು. ಹರಿದದ್ದು ಕಿವಿ, ನಾಲಗೆಯಲ್ಲ.

ಹೊರಡುವಾಗ ಸೆಲ್ವಿಯ ಕೈ ಹಿಡಿದು ಹೇಳಿದೆ. ಅವತ್ತು ನಡೆದದ್ದನ್ನೆಲ್ಲ ಪೇಪರಿನಲ್ಲಿ ಬರೆಯುತ್ತೇನೆ, ನಿನ್ನ ಹೆಸರು ಹಾಕಿ ಬರೆಯುತ್ತೇನೆ, ಸಾವಿರಾರು ಜನ ಓದುತ್ತಾರೆ.

ಅವಳಿಗೆ ಖುಷಿಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

‘ತಮಿಳಲ್ಲಿ ಬರೀತೀರಾ ಅಕ್ಕಾ? ನಂಗೆ ಕನ್ನಡ ಓದಕ್ ಬರಲ್ವಲ್ಲ.’