ಇನ್ನೂರನಲವತ್ತು ಕುದುರೆಗಳ ಸುಳ್ಳು

ನಾನು ಕಾರನ್ನು ಅರುವತ್ತರ ಮೇಲೆ ಓಡಿಸುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೇಳಬೇಕಾದ ಜಾಗದಲ್ಲಿ ನಾಲ್ಕು ತಿಂಗಳು ಹೇಳಲಿಲ್ಲ.

ಕಾರನ್ನು ಕೊಂಡದ್ದು ಮಣಿಪಾಲದಲ್ಲಿ, ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ವಿದ್ಯಾರ್ಥಿಯಿಂದ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಉಪಕರಣಗಳ ರಿಪೇರಿ ನನ್ನ ಕೆಲಸ. ಆ ವಿದ್ಯಾರ್ಥಿ ಕಾರಿಗೆ ದೊಡ್ಡ ಟರ್ಬೊ ಹಾಕಿಸಿದ್ದ. ಟರ್ಬೊ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದ ಮೇಲೆ ಪೆಟ್ರೋಲೂ ಹೆಚ್ಚು ಬೇಕಲ್ಲ, ಆದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಮಾತ್ರ ಹಳೆಯವನ್ನೇ ಬಿಟ್ಟಿದ್ದ. ಏರು ರಸ್ತೆಯಲ್ಲಿ ಸ್ವಲ್ಪ ಒತ್ತಿದರೆ ಇಂಜಿನ್ನಿನ ಒಳಗಿಂದ ಕಟಕಟ ಸದ್ದು ಬರುತ್ತಿತ್ತು. ಹಾಗೆಯೇ ಓಡಿಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ ಎಂದು ಪ್ರಯೋಗಾಲಯದಲ್ಲಿ ಯಾರೋ ಹೆದರಿಸಿದರು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಇಂಥ ಕೆಲಸ ಮಾಡುವವರು ಒಬ್ಬರಿದ್ದಾರೆ ಎಂದೂ ಅವರೇ ಹೇಳಿದರು.

ಆಗ ನಾನು ಮಣಿಪಾಲದ ಫ್ಲ್ಯಾಟಿಗೆ ಬಂದು ಒಂದು ವರ್ಷವಾಗಿತ್ತು. ಅದಕ್ಕೂ ಮೊದಲು ಕಾಪುವಿನಲ್ಲಿ ತಂಗಿಯ ಮನೆಯಲ್ಲಿದ್ದೆ, ಇಪ್ಪತ್ತೆಂಟು ವರ್ಷ. ನನಗೆ ಮದುವೆಯಾಗಲಿಲ್ಲ. ನಮ್ಮಲ್ಲಿ ತಾಯಿಯ ಕಡೆಯ ಮನೆತನ, ಸೋದರಮಾವನಿಗೆ ದೊಡ್ಡ ಸ್ಥಾನ. ಮದುವೆಯ ಕಾಗದದಲ್ಲಿ ನನ್ನ ಹೆಸರು, ಊಟದ ಪಂಕ್ತಿಯಲ್ಲಿ ಮೊದಲ ಎಲೆ. ಆದರೆ ಸ್ಥಾನ ಇದ್ದ ಮಾತ್ರಕ್ಕೆ ಕೋಣೆ ಇರಬೇಕೆಂದಿಲ್ಲ. ದೊಡ್ಡ ಅಳಿಯನಿಗೆ, ಅಂದರೆ ತಂಗಿಯ ದೊಡ್ಡ ಮಗನಿಗೆ, ಮದುವೆಯಾದಾಗ ನಾನೇ ಪೆಟ್ಟಿಗೆ ಕಟ್ಟಿದೆ. ಹೋಗು ಎಂದು ಯಾರೂ ಹೇಳಲಿಲ್ಲ. ಹೋಗಬೇಡ ಎಂದೂ ಯಾರೂ ಹೇಳಲಿಲ್ಲ.

ಕುಕ್ಕುಂದೂರಿನ ಗ್ಯಾರೇಜೆಂದರೆ ಮನೆಯ ಪಕ್ಕದ ಒಂದು ತಗಡಿನ ಶೆಡ್ಡು. ಗ್ಯಾರೇಜಿನವರಿಗೆ ನಲವತ್ತು ಇರಬಹುದು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಹಾಗಾಗಿ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮರ್ಯಾದೆಯಿಂದ ಮಾತಾಡಿದೆವು.

"ನಿಮಗೆ ಎಷ್ಟು ಎಚ್‌ಪಿ ಬೇಕು?" ಎಂದು ಕೇಳಿದರು.

ಕಾರಿನ ಸದ್ದು ನಿಲ್ಲಿಸಿ ಎಂದರೆ ಇವರು ಕುದುರೆಶಕ್ತಿಯ ಲೆಕ್ಕ ಕೇಳುತ್ತಾರಲ್ಲ ಎಂದುಕೊಂಡೆ. ಆಮೇಲೆ ಅವರೇ ಬಿಡಿಸಿ ಹೇಳಿದರು. ಇಂಜೆಕ್ಟರಿನ ಅಳತೆ ಆ ಉತ್ತರದಿಂದಲೇ ಶುರುವಾಗುತ್ತದಂತೆ. ಬೇಕಾದ ಶಕ್ತಿಗೆ ಎಷ್ಟು ಪೆಟ್ರೋಲು, ಅದನ್ನು ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೆ ನಿಮಿಷಕ್ಕೆ ಎಷ್ಟು ಸಿಸಿ, ಇಂಜೆಕ್ಟರ್ ನೂರರಲ್ಲಿ ಎಂಬತ್ತು ಪಾಲು ಹೊತ್ತು ಮಾತ್ರ ತೆರೆದಿರಬೇಕು, ಉಳಿದ ಇಪ್ಪತ್ತು ಮುಚ್ಚಿರಬೇಕು, ಇಲ್ಲದಿದ್ದರೆ ಬಿಸಿಗೆ ಕೈಕೊಡುತ್ತದೆ. ನಾನು ಬಾಯಿಗೆ ಬಂದದ್ದು ಹೇಳಿದೆ, ನೂರನಲವತ್ತು. ಅವರು ರಟ್ಟಿನ ಡಬ್ಬದ ಮೇಲೆ ಪೆನ್ಸಿಲಿನಲ್ಲಿ ಗೀಚಿದರು.

"ಮುನ್ನೂರು ಸಿಸಿ ಸಾಕು. ತರಿಸಿ ಇಡ್ತೇನೆ. ಬರುವ ಆದಿತ್ಯವಾರ ಹಾಕಿ ಬಿಡುವ."

ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಅಷ್ಟರಲ್ಲಿ ಅವರ ತಾಯಿ ಒಳಗಿಂದ ಚಹಾ ಮತ್ತು ಬಾಳೆಹಣ್ಣಿನ ಬನ್ಸ್ ತಂದು, ಬಿಸಿ ಉಂಟು, ಕೂತು ತಿನ್ನಿ ಎಂದರು. ಒಂದು ವರ್ಷದಿಂದ ಯಾರೂ ನನಗೆ ಕೂತು ತಿನ್ನಿ ಎಂದಿರಲಿಲ್ಲ. ನಾನು ಕೂತೆ. ಗ್ಯಾರೇಜಿನವರು ಇನ್ನೊಂದು ಕಾರಿನ ಕೆಲಸ ಮಾಡುತ್ತ ಮಳೆ, ರಸ್ತೆ, ಪೆಟ್ರೋಲಿನ ಗುಣ ಎಂದು ಮಾತಾಡುತ್ತಲೇ ಇದ್ದರು. ಎದ್ದು ಹೊರಟಾಗ ಮಧ್ಯಾಹ್ನವಾಗಿತ್ತು. ಮುಂದಿನ ಭಾನುವಾರ ಇಂಜೆಕ್ಟರ್ ಹಾಕಿದರೆ ಅದರ ಮುಂದಿನ ಭಾನುವಾರ ಏನು ಎಂದು ತಲೆಯಲ್ಲಿ ಹೊಳೆದುಹೋಯಿತು. "ತರಿಸಬೇಡಿ, ಸ್ವಲ್ಪ ಯೋಚಿಸಿ ಹೇಳ್ತೇನೆ" ಎಂದೆ.

ಯೋಚಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ಮುಂದಿನ ವಾರ ಹೋಗಿ, ನೂರೆಂಬತ್ತು ಆದರೆ ಹೇಗೆ ಎಂದೆ. ಅವರು ಹೊಸದಾಗಿ ಲೆಕ್ಕ ಮಾಡಿದರು. ಅದರ ಮುಂದಿನ ವಾರ ಪೆಟ್ರೋಲಿನ ಒತ್ತಡ ಹೆಚ್ಚಿಸಿದರೆ ಸಣ್ಣ ಇಂಜೆಕ್ಟರೇ ಸಾಕಾಗುವುದಿಲ್ಲವೇ ಎಂದು ಕೇಳಿದೆ. ವಾರವಿಡೀ ಫ್ಲ್ಯಾಟಿನಲ್ಲಿ ಕುಳಿತು ಇಂಥ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ಪ್ರಶ್ನೆಗೆ ಸುಮಾರು ಅರ್ಧ ಗಂಟೆ ಸಿಗುತ್ತಿತ್ತು, ನಾಲ್ಕಿದ್ದರೆ ಬೆಳಗ್ಗೆ ದಾಟುತ್ತಿತ್ತು. ದಾರಿಯಲ್ಲಿ ಹಿರಿಯಡ್ಕ ದಾಟುವಾಗಲೇ ನನಗೆ ಬನ್ಸಿನ ವಾಸನೆ ಬಂದಂತಾಗುತ್ತಿತ್ತು ಎಂದರೆ ನಂಬಿ.

ಕೊನೆಗೆ ಒಂದು ದಿನ ಅವರು ಇನ್ನು ಮುಗಿಸುವ ಎಂದಾಗ, ಏನಾದರೂ ದೊಡ್ಡದು ಹೇಳದಿದ್ದರೆ ಆಗುವುದಿಲ್ಲ ಎಂದು ಇನ್ನೂರನಲವತ್ತು ಎಂದುಬಿಟ್ಟೆ. ಅವರು ಪೆನ್ಸಿಲು ಕೆಳಗಿಟ್ಟರು.

"ಅದಕ್ಕೆ ಐನೂರೈವತ್ತು ಸಿಸಿ ಬೇಕು. ಈ ಸಣ್ಣ ಇಂಜಿನ್ನಿಗೆ ಅದು ಜಾಸ್ತಿ ಆಯ್ತು ಮಾರಾಯ್ರೆ. ಕಾರು ನಿಂತು ಇಂಜಿನ್ ಮಾತ್ರ ಓಡುವಾಗ ಕಷ್ಟ ಉಂಟು."

ಇಲ್ಲಿ ನನ್ನ ಜಾತಿಬುದ್ಧಿ ಎದ್ದು ಕೂತಿತು. ನಾವು ಬೋಟಿನವರು. ನನ್ನ ತಂದೆ ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಡೀಸೆಲ್ ಹೆಚ್ಚು ಬಿಟ್ಟಷ್ಟೂ ಇಂಜಿನ್ ಎಳೆಯುತ್ತದೆ, ಕಪ್ಪು ಹೊಗೆ ಬಂದರೆ ಬಲೆ ಮೇಲೆ ಬರುತ್ತದೆ, ಡೀಸೆಲ್ ಚಿಮ್ಮಿಸುವ ನಾಝಲ್ ದೊಡ್ಡದು ಹಾಕಿ ಯಾರೂ ಕೆಟ್ಟವರಿಲ್ಲ. ಇದೆಲ್ಲ ನನ್ನ ರಕ್ತದಲ್ಲಿತ್ತು. "ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ? ಕಾಲು ಕಡಿಮೆ ಒತ್ತಿದರಾಯ್ತು" ಎಂದು ದೊಡ್ಡ ತಿಳಿದವನ ಹಾಗೆ ಹೇಳಿದೆ. ಅವರು ವಾದ ಮಾಡಲಿಲ್ಲ, ತರಿಸಿ ಹಾಕಿದರು.

ಪೆಟ್ರೋಲ್ ಇಂಜಿನ್ ಬೋಟಿನದ್ದಲ್ಲ. ನಿಂತಲ್ಲಿ ಓಡುವಾಗ ಅದಕ್ಕೆ ಬೇಕಾದದ್ದು ಒಂದು ಹನಿಯ ಪಾಲು. ಆ ದೊಡ್ಡ ಇಂಜೆಕ್ಟರ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತೆರೆದರೂ ಹೆಚ್ಚೇ ಸುರಿಯುತ್ತದೆ. ಉಡುಪಿಯ ಸಿಗ್ನಲಿನಲ್ಲಿ ಕಾರು ಚಳಿಜ್ವರ ಬಂದವರಂತೆ ನಡುಗಿ ಆರಿಹೋಗುತ್ತಿತ್ತು. ಪ್ಲಗ್ಗು ಮಸಿಯಾಗುತ್ತಿತ್ತು. ತಂಗಿಯ ಸಣ್ಣ ಮಗಳ ನಿಶ್ಚಿತಾರ್ಥಕ್ಕೆ ಕಾಪುವಿಗೆ ಹೋದಾಗ ತಂಗಿ ಅಂಗಳಕ್ಕೆ ಬಂದು ಮೂಗು ಮುಚ್ಚಿಕೊಂಡಳು. "ಅಣ್ಣ, ಎಂತ ಇದು ವಾಸನೆ? ಆಚೆ ನಿಲ್ಲಿಸು, ಗಂಡಿನ ಕಡೆಯವರು ಬರ್ತಾರೆ." ಅಂದೂ ಮೊದಲ ಎಲೆ ನನಗೇ ಹಾಕಿದರು. ಉಂಡೆದ್ದ ಮೇಲೆ ಕಾರಿನ ತನಕ ಒಬ್ಬನೇ ನಡೆದೆ.

ನಾಚಿಕೆಯ ವಿಷಯವೆಂದರೆ, ಕಾರು ಕೆಟ್ಟದ್ದಕ್ಕೆ ನನಗೆ ಖುಷಿಯಾಗಿತ್ತು. ಈಗ ಪ್ರಶ್ನೆ ಹುಡುಕುವ ಕೆಲಸವೂ ಇಲ್ಲ. ಪ್ರತಿ ಭಾನುವಾರ ಗ್ಯಾರೇಜಿನವರು ಲ್ಯಾಪ್‌ಟಾಪ್ ಜೋಡಿಸಿ ಪೆಟ್ರೋಲು ಅಷ್ಟಿಷ್ಟು ಕಡಿಮೆ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತಿತ್ತು. ಹೀಗೇ ಎರಡು ತಿಂಗಳು. ಅವರು ಮಾತು ಕಡಿಮೆ ಮಾಡಿದ್ದನ್ನು ನೋಡಿಯೂ ನೋಡದವನಂತಿದ್ದೆ.

ಒಂದು ಭಾನುವಾರ ಅವರಿಗೆ ಕಲ್ಯಾಣಪುರದಿಂದ ಯಾರದೋ ಫೋನು ಬಂತು. ಟರ್ಬೊ ಕೆಲಸದ ವಿಚಾರ ಎಂದು ತಿಳಿಯಿತು.

"ಇಲ್ಲ ಮಾರಾಯ್ರೆ, ಆ ಕೆಲಸ ನಾನು ಬಿಟ್ಟೆ. ಒಂದು ಕಾರನ್ನು ಸರಿ ಮಾಡ್ಲಿಕ್ಕೆ ಆಗ್ಲಿಲ್ಲ ನನಗೆ. ನೀವು ಮಂಗಳೂರಿಗೆ ತಕೊಂಡು ಹೋಗಿ."

ಆ ಒಂದು ಕಾರು ಎದುರಿಗೇ ನಿಂತಿತ್ತು. ನನ್ನ ಕೈಯಲ್ಲಿ ಅವರ ಮನೆಯ ಲೋಟ ಇತ್ತು. ಒಬ್ಬ ಒಳ್ಳೆಯ ಕೆಲಸಗಾರ ನನ್ನ ಭಾನುವಾರಗಳಿಗಾಗಿ ತನ್ನ ಕೈಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಿದ್ದ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

"ನೀವು ತಪ್ಪು ಮಾಡಿಲ್ಲ. ನನಗೆ ಇನ್ನೂರನಲವತ್ತು ಬೇಡವೇ ಬೇಡ. ನಾನು ಅರುವತ್ತರ ಮೇಲೆ ಓಡಿಸುವುದಿಲ್ಲ" ಎಂದೆ.

ಅವರು ಫೋನನ್ನು ಕಿಸೆಗೆ ಹಾಕಿದರು. "ಮತ್ತೆ ಯಾಕೆ ಹೇಳಿದ್ದು?"

"ಹೀಗೇ, ಜಂಬಕ್ಕೆ" ಎಂದೆ. ಅದೂ ಸುಳ್ಳೇ.

ಮುಂದಿನ ಭಾನುವಾರ ಮುನ್ನೂರು ಸಿಸಿಯ ನಾಲ್ಕು ಇಂಜೆಕ್ಟರ್ ಬಂದವು. ಮಧ್ಯಾಹ್ನದೊಳಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಸರಿಪಡಿಸಿ, ಬೈಲೂರಿನ ತನಕ ಓಡಿಸಿ ತಂದರು. ಏರಿನಲ್ಲಿ ಸದ್ದಿಲ್ಲ, ನಿಂತಲ್ಲಿ ನಡುಕವಿಲ್ಲ. ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟರೆ ತುಳುಕುತ್ತಿರಲಿಲ್ಲ. ಎಷ್ಟೋ ವಾರದ ಮೇಲೆ ಅವರ ಮುಖ ಅರಳಿತ್ತು. "ಇನ್ನು ಇದಕ್ಕೆ ಎಂತದ್ದೂ ಬೇಡ" ಎಂದು ಬಾನೆಟ್ಟು ಮುಚ್ಚಿದರು. ನಾನೂ ನಕ್ಕೆ.

ಆಮೇಲಿನ ಎರಡು ಭಾನುವಾರ ಮಣಿಪಾಲದಲ್ಲೇ ಕಳೆದೆ. ಮೊದಲನೆಯ ದಿನ ಬಟ್ಟೆ ಒಗೆದೆ. ಎರಡನೆಯ ದಿನ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮಧ್ಯಾಹ್ನ ಕೆಳಗಿಳಿದು ಕಾರು ಚಾಲೂ ಮಾಡಿ, ಎಲ್ಲಾದರೂ ಒಂದು ಸಣ್ಣ ಸದ್ದು ಇದ್ದೀತೇ ಎಂದು ಕಿವಿಗೊಟ್ಟು ಕೇಳಿದೆ. ಏನೂ ಇರಲಿಲ್ಲ. ಒಂದು ವೈರು ಕಳಚಿ ಕಾರನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋಗಲೇ ಎಂದು ಕೈ ಹಾಕಿ, ಹಿಂದಕ್ಕೆ ತೆಗೆದೆ.

ಮೂರನೆಯ ಭಾನುವಾರ ಕಾರನ್ನು ಅಲ್ಲೇ ಬಿಟ್ಟು ಕಾರ್ಕಳದ ಬಸ್ಸು ಹತ್ತಿದೆ. ಕುಕ್ಕುಂದೂರಿನಲ್ಲಿ ಇಳಿದು ನಡೆದುಕೊಂಡು ಶೆಡ್ಡಿನ ಬಾಗಿಲಿಗೆ ಹೋದೆ. ಕೈಯಲ್ಲಿ ಕಾಗದವಿಲ್ಲ, ಕೇಳಲಿಕ್ಕೆ ಪ್ರಶ್ನೆಯಿಲ್ಲ. ಅವರು ಯಾರದೋ ಕಾರಿನಡಿಯಿಂದ ಹೊರಗೆ ಬಂದು, ನನ್ನನ್ನು ನೋಡಿ, ನನ್ನ ಹಿಂದಿನ ಖಾಲಿ ರಸ್ತೆಯನ್ನು ನೋಡಿದರು.

"ಕಾರಿಗೆ ಎಂತ ಆಯ್ತು?"

"ಕಾರಿಗೆ ಏನೂ ಆಗಿಲ್ಲ" ಎಂದೆ. ಐವತ್ತಮೂರು ವರ್ಷದಲ್ಲಿ ತಂಗಿಗೂ ಹೇಳದ ಮಾತು ಬಾಯಿಗೆ ಬಂತು. "ಆದಿತ್ಯವಾರ ಒಬ್ಬನೇ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ನನಗೆ."

ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು, ಒಂದೊಂದೇ ಬೆರಳು.

"ಹನ್ನೆರಡರ ಮೇಲೆ ನನಗೆ ಪುರುಸೊತ್ತಿಲ್ಲ, ನನ್ನ ಮಕ್ಕಳನ್ನು ಹೊರಗೆ ಕರ್ಕೊಂಡು ಹೋಗ್ಲಿಕ್ಕೆ ಉಂಟು" ಎಂದರು. "ಅಲ್ಲಿಯವರೆಗೆ ಕೂತ್ಕೊಳ್ಳಿ."